ತಾಯಿ ಹೇಳದ ಕಥೆ

ತಾಯಿಯ ಮಹಿಮೆಯನ್ನು ಹಾಡದ ಸಾಹಿತ್ಯ ಜಗತ್ತಿನಲ್ಲಿಲ್ಲ. ಆಕೆಯ ವಾತ್ಸಲ್ಯ, ತ್ಯಾಗ, ಸಹನೆಗಳನ್ನು ಕುರಿತು ಎಲ್ಲ ಭಾಷೆಗಳಲ್ಲಿಯೂ ಕಾವ್ಯಗಳೂ ಕಥೆಗಳೂ ಹುಟ್ಟಿವೆ. ಆದರೆ ತಾಯಿಯಾಗುವುದಕ್ಕೆ ಮೊದಲು ಅವಳು ಯಾರಾಗಿದ್ದಳು ಎಂಬ ಪ್ರಶ್ನೆಯನ್ನು ಮಕ್ಕಳು ಕೇಳುವುದು ವಿರಳ. ಮಗುವಿನ ಪಾಲಿಗೆ ತಾಯಿಯ ಜೀವನವು ತನ್ನ ಹುಟ್ಟಿನೊಡನೆಯೇ ಆರಂಭವಾಗುತ್ತದೆ. ಅದಕ್ಕೂ ಹಿಂದೆ ಅವಳಿಗೊಂದು ಬಾಲ್ಯವಿತ್ತು, ಯೌವನವಿತ್ತು, ಆಸೆಗಳೂ ಭಯಗಳೂ ಇದ್ದವು. ಅವಳ ಒಪ್ಪಿಗೆಯಿಂದ ನಡೆದ ಸಂಗತಿಗಳಿದ್ದಂತೆ ಒಪ್ಪಿಗೆಯಿಲ್ಲದೆ ನಡೆದ ಸಂಗತಿಗಳೂ ಇದ್ದವು ಎಂಬುದು ಮಕ್ಕಳ ಅರಿವಿಗೆ ಬರುವುದು ಬಹಳ ತಡವಾಗಿ. ಎಷ್ಟೋ ವೇಳೆ ಅದು ಬರುವುದೇ ಇಲ್ಲ.

ಈ ಮುಚ್ಚಿದ ಬಾಗಿಲನ್ನು ತೆರೆಯುವ ಕೆಲಸವನ್ನು ಕಥೆಗಾರರು ಕೈಗೊಂಡಿದ್ದಾರೆ. ತಾಯಿ ತನ್ನ ಹಿಂದಿನ ಬದುಕನ್ನು ಏಕೆ ಮರೆಮಾಡಿದಳು? ಭಯದಿಂದಲೇ, ಪ್ರೀತಿಯಿಂದಲೇ, ಮನೆತನದ ಒತ್ತಾಯದಿಂದಲೇ? ಹಾಗೆ ಮರೆಮಾಡಿದ್ದರಿಂದ ಯಾರಿಗೆ ಒಳಿತಾಯಿತು, ಯಾರಿಗೆ ಕೇಡಾಯಿತು? ಈ ಪ್ರಶ್ನೆಗಳ ಸುತ್ತ ಬೆಳೆದ ಕೃತಿಗಳು ಕನ್ನಡದಲ್ಲಿಯೂ ಇವೆ. ಅವುಗಳಲ್ಲಿ ಬಹು ಮುಖ್ಯವಾದ ಎರಡು ಕಾದಂಬರಿಗಳು ಮೈಸೂರು ಜಿಲ್ಲೆಯ ನಂಜನಗೂಡು ಸೀಮೆಗೆ ಸೇರಿದವು. ಅವುಗಳನ್ನು ಸರಿಯಾಗಿ ತಿಳಿಯಬೇಕಾದರೆ ಇದೇ ವಿಷಯವನ್ನು ನಮ್ಮ ಪ್ರಾಚೀನರು ಹೇಗೆ ನೋಡಿದರೆಂಬುದನ್ನು ಮೊದಲು ಗಮನಿಸುವುದು ಒಳ್ಳೆಯದು.

ಮಹಾಭಾರತದ ಕುಂತಿ ಇಂತಹ ತಾಯಂದಿರಲ್ಲಿ ಮೊದಲಿಗಳು. ಕನ್ಯೆಯಾಗಿದ್ದಾಗ ಮುನಿಯೊಬ್ಬನಿಂದ ಪಡೆದ ಮಂತ್ರವನ್ನು ಕುತೂಹಲದಿಂದ ಪರೀಕ್ಷಿಸಿದ ಅವಳು ಸೂರ್ಯನಿಂದ ಮಗನನ್ನು ಪಡೆದಳು. ಲೋಕಾಪವಾದಕ್ಕೆ ಅಂಜಿ ಆ ಶಿಶುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಯಲ್ಲಿ ತೇಲಿಬಿಟ್ಟಳು. ಆ ಮಗು ಸೂತನ ಮನೆಯಲ್ಲಿ ಬೆಳೆದು ಕರ್ಣನಾಯಿತು. ಹಸ್ತಿನಾವತಿಯಲ್ಲಿ ರಾಜಕುಮಾರರ ಅಸ್ತ್ರವಿದ್ಯಾ ಪ್ರದರ್ಶನ ನಡೆದಾಗ, ಅರ್ಜುನನಿಗೆ ಎದುರಾಗಿ ನಿಂತ ಕರ್ಣನ ಕುಲವನ್ನು ಸಭೆಯ ನಡುವೆ ಕೇಳಲಾಯಿತು. ಅದೇ ಸಭೆಯಲ್ಲಿ ಕುಳಿತಿದ್ದ ಕುಂತಿ ಮೂರ್ಛೆ ಹೋದಳು. ಬಾಯಿ ಮಾತ್ರ ತೆರೆಯಲಿಲ್ಲ. ಅವಳು ಬಾಯಿ ತೆರೆದದ್ದು ಯುದ್ಧದ ಹೊಸ್ತಿಲಿನಲ್ಲಿ, ಹೊಳೆಯ ದಡದಲ್ಲಿ ಕರ್ಣನೊಬ್ಬನೇ ಇದ್ದಾಗ. ಆ ವೇಳೆಗೆ ಅವನ ಅನ್ನದ ಋಣವೂ ಸ್ನೇಹದ ಋಣವೂ ದುರ್ಯೋಧನನಿಗೆ ಸಂದಿದ್ದವು. ಹತ್ತನೆಯ ಶತಮಾನದ ಪಂಪನೂ ಹದಿನೈದನೆಯ ಶತಮಾನದ ಕುಮಾರವ್ಯಾಸನೂ ತಾಯಿ ಮಕ್ಕಳ ಈ ಭೇಟಿಯನ್ನು ವಿಶೇಷವಾದ ಮರುಕದಿಂದ ಚಿತ್ರಿಸಿದ್ದಾರೆ. ಕನ್ನಡ ಓದುಗರ ಮನಸ್ಸಿನಲ್ಲಿ ಕರ್ಣನಿಗೆ ದೊರೆತಿರುವ ಸ್ಥಾನಕ್ಕೆ ಇದೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಯುದ್ಧ ಮುಗಿದು, ಸತ್ತವರಿಗೆ ತರ್ಪಣ ಕೊಡುವ ಹೊತ್ತಿನಲ್ಲಿ ಕುಂತಿ ಎಲ್ಲರ ಎದುರಿಗೆ ನಿಜವನ್ನು ಹೇಳಿದಳು. ಅಣ್ಣನನ್ನೇ ಕೊಂದ ದುಃಖದಿಂದ ಕೆರಳಿದ ಧರ್ಮರಾಯನು, ಇನ್ನು ಮುಂದೆ ಹೆಂಗಸರ ಮನಸ್ಸಿನಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸಿದನೆಂದು ಶಾಂತಿಪರ್ವ ಹೇಳುತ್ತದೆ. ಅವನ ದುಃಖ ಸಹಜವಾದುದೇ. ಆದರೆ ಆ ಶಾಪ ತಗುಲಿದ್ದು ಗುಟ್ಟನ್ನು ಹೊತ್ತ ಹೆಣ್ಣಿಗೆ; ಗುಟ್ಟನ್ನು ಹೊರುವಂತೆ ಮಾಡಿದ ಲೋಕಕ್ಕೆ ಅದು ತಗುಲಲಿಲ್ಲ. ಹುಡುಗಿಯೊಬ್ಬಳು ಹಸುಗೂಸನ್ನು ಹೊಳೆಗೆ ಬಿಡಬೇಕಾಗುವಷ್ಟು ಕ್ರೂರವಾದ ಅಪವಾದ ಯಾರ ಬಾಯಿಂದ ಬರುತ್ತಿತ್ತು ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ.

ಕುಂತಿಗೆ ಎದುರಾಗಿ ನಿಲ್ಲುವವಳು ಛಾಂದೋಗ್ಯ ಉಪನಿಷತ್ತಿನ ಜಾಬಾಲೆ. ಗುರುಕುಲಕ್ಕೆ ಹೊರಟ ಮಗ ಸತ್ಯಕಾಮನು ತನ್ನ ಗೋತ್ರ ಯಾವುದೆಂದು ಕೇಳಿದಾಗ ಅವಳು ಕಥೆ ಕಟ್ಟಲಿಲ್ಲ. ಯೌವನದಲ್ಲಿ ಹಲವು ಕಡೆ ಊಳಿಗ ಮಾಡಿಕೊಂಡಿದ್ದಾಗ ನಿನ್ನನ್ನು ಪಡೆದೆ, ನಿನ್ನ ಗೋತ್ರವನ್ನು ನಾನರಿಯೆ, ನನ್ನ ಹೆಸರನ್ನೇ ಸೇರಿಸಿ ಸತ್ಯಕಾಮ ಜಾಬಾಲನೆಂದು ಹೇಳಿಕೊ ಎಂಬ ಅರ್ಥದ ಮಾತನ್ನು ಆಡಿದಳು. ಹುಡುಗನು ಅದನ್ನು ಹಾಗೆಯೇ ಗುರುವಿನ ಮುಂದೆ ಒಪ್ಪಿಸಿದನು. ಸತ್ಯವನ್ನು ಬಿಡದ ಈತನೇ ವಿದ್ಯೆಗೆ ಯೋಗ್ಯನೆಂದು ಗೌತಮ ಮಹರ್ಷಿ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದನು.

ಈ ಇಬ್ಬರು ತಾಯಂದಿರಲ್ಲಿ ಒಬ್ಬಳು ಹೇಡಿ, ಇನ್ನೊಬ್ಬಳು ಧೀರೆ ಎಂದುಬಿಡುವುದು ಸುಲಭ. ಆದರೆ ಅವರ ಸ್ಥಿತಿಗತಿಗಳು ಬೇರೆ ಬೇರೆ. ಕುಂತಿಯ ಬೆನ್ನಿಗೆ ಅರಮನೆಯಿತ್ತು, ಕುಲಗೌರವವಿತ್ತು, ಕೊನೆಗೆ ಸಿಂಹಾಸನದ ಪ್ರಶ್ನೆಯೇ ಇತ್ತು. ಊಳಿಗದ ಹೆಣ್ಣಾದ ಜಾಬಾಲೆಗೆ ಕಳೆದುಕೊಳ್ಳುವಂತಹುದು ಹೆಚ್ಚೇನೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜಾಬಾಲೆಯ ಮಾತನ್ನು ಕೇಳಿಸಿಕೊಂಡವನು ಗೌತಮ. ಸತ್ಯವನ್ನು ಹೇಳುವವರಷ್ಟೇ ಅಲ್ಲದೆ ಅದನ್ನು ತಾಳಿಕೊಳ್ಳಬಲ್ಲವರೂ ಇದ್ದಾಗಲೇ ತಾಯಿಯ ಬಾಯಿ ತೆರೆದೀತು. ಮುಂದೆ ಬಂದ ಕಾದಂಬರಿಗಳನ್ನು ಅರ್ಥಮಾಡಿಕೊಳ್ಳಲು ಈ ಮಾತು ಕೈದೀವಿಗೆಯಾಗುತ್ತದೆ.

ಎಸ್. ಎಲ್. ಭೈರಪ್ಪನವರ (1931–2025) ‘ವಂಶವೃಕ್ಷ’ 1965ರಲ್ಲಿ ಪ್ರಕಟವಾಯಿತು. ಇದಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಸೇರಿ ಇದನ್ನು ಚಲನಚಿತ್ರವಾಗಿಸಿ ಉತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕಾದಂಬರಿಯ ಕೇಂದ್ರ ವ್ಯಕ್ತಿ ಶ್ರೀನಿವಾಸ ಶ್ರೋತ್ರಿಗಳು ಶ್ರೀಕಂಠೇಶ್ವರನ ಸನ್ನಿಧಿಯಾದ ನಂಜನಗೂಡಿನವರು, ವೇದಶಾಸ್ತ್ರಗಳನ್ನು ಬಲ್ಲವರು, ಊರು ಕೈಮುಗಿಯುವ ಧರ್ಮಿಷ್ಠರು. ಅವರ ಒಬ್ಬನೇ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ಸೊಸೆ ಕಾತ್ಯಾಯಿನಿ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗುತ್ತಾಳೆ. ಮೊಮ್ಮಗ ಚೀನಿ ಇನ್ನೂ ಕೂಸು. ಕಾತ್ಯಾಯಿನಿ ಮೈಸೂರಿನ ಕಾಲೇಜಿಗೆ ಓದಲು ಹೋಗುತ್ತಾಳೆ. ಅಲ್ಲಿ ರಾಜ ಎಂಬ ಅಧ್ಯಾಪಕನನ್ನು ಮೆಚ್ಚಿ ಮರುಮದುವೆಯಾಗುತ್ತಾಳೆ. ಅವಳು ಯಾವುದನ್ನೂ ಮರೆಮಾಡಿ ಮಾಡಲಿಲ್ಲ. ವಿಧವಾ ವಿವಾಹಕ್ಕೆ 1856ರಷ್ಟು ಹಿಂದೆಯೇ ಬ್ರಿಟಿಷ್ ಇಂಡಿಯಾದ ಕಾನೂನು ಮಾನ್ಯತೆ ಕೊಟ್ಟಿತ್ತು. ಆದರೂ ಅವಳು ತೆತ್ತ ಬೆಲೆ ದೊಡ್ಡದು. ಮಗನನ್ನು ಕರೆದೊಯ್ಯಲು ಬಂದವಳು ಬರಿಗೈಯಲ್ಲಿ ಹಿಂತಿರುಗುತ್ತಾಳೆ. ವರ್ಷಗಳ ಮೇಲೆ, ತಾನು ಪಾಠ ಹೇಳುವ ತರಗತಿಯಲ್ಲಿಯೇ ಆ ಮಗನು ವಿದ್ಯಾರ್ಥಿಯಾಗಿ ಕುಳಿತಿರುವುದನ್ನು ಕಾಣುತ್ತಾಳೆ. ಅವನ ಮನಸ್ಸಿನಲ್ಲಿ ತನಗೆ ಸ್ಥಳವಿಲ್ಲವೆಂಬುದನ್ನೂ ಕಾಣುತ್ತಾಳೆ. ಆ ಕೊರಗಿನಲ್ಲಿಯೇ ಅವಳ ಬದುಕು ಸವೆಯುತ್ತದೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಇನ್ನೊಬ್ಬ ತಾಯಿಯ ಕಥೆ ಬೆಳಕಿಗೆ ಬರುತ್ತದೆ. ಅವಳು ಶ್ರೋತ್ರಿಗಳ ಹೆತ್ತ ತಾಯಿ. ತಾವು ಯಾರನ್ನು ತಂದೆಯೆಂದು ಭಾವಿಸಿ ಶ್ರಾದ್ಧ ತರ್ಪಣಗಳನ್ನು ನಡೆಸಿಕೊಂಡು ಬಂದರೋ ಅವರ ರಕ್ತ ತಮ್ಮಲ್ಲಿಲ್ಲವೆಂಬ ಸಂಗತಿ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ತಿಳಿಯುತ್ತದೆ. ಸಂತಾನವಿಲ್ಲದ ಯಜಮಾನನಿಗೆ ಆಸ್ತಿಯು ದಾಯಾದಿಗಳ ಕೈಸೇರಬಾರದೆಂಬ ಹಟ. ಆ ಹಟದಿಂದ, ವಂಶವನ್ನು ಬೆಳೆಸುವ ನೆಪದಲ್ಲಿ, ಅವನ ಹೆಂಡತಿಯು ಬೇರೊಬ್ಬ ಪುರುಷನಿಂದ ಮಗನನ್ನು ಪಡೆಯುವಂತೆ ಏರ್ಪಾಟು ನಡೆದಿರುತ್ತದೆ. ಆ ಮಗನೇ ಶ್ರೋತ್ರಿಗಳು. ಯಾವ ವಂಶದ ಹಿರಿಮೆಯನ್ನು ಅವರು ಜೀವನದ ಆಧಾರವೆಂದು ನಂಬಿದ್ದರೋ ಆ ವಂಶಕ್ಕೆ ತಾವೇ ಸೇರಿದವರಲ್ಲವೆಂದು ಅರಿತ ಶ್ರೋತ್ರಿಗಳು, ಆಸ್ತಿಯ ಹಂಗನ್ನು ತೊರೆದು ಸಂನ್ಯಾಸಕ್ಕೆ ಹೊರಡುತ್ತಾರೆ.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಾದಂಬರಿಯ ತಿರುಳು ಸ್ಪಷ್ಟವಾಗುತ್ತದೆ. ಒಬ್ಬ ತಾಯಿಯ ಜೀವನದಲ್ಲಿ ನಡೆದದ್ದು ಮುಚ್ಚಿಹೋಯಿತು. ಅವಳ ಮಗ ಊರಿನ ಪೂಜ್ಯನಾದ. ಇನ್ನೊಬ್ಬ ತಾಯಿ ಎಲ್ಲವನ್ನೂ ಹಗಲಿನಲ್ಲಿಯೇ ಮಾಡಿದಳು. ಅವಳು ಮಗನನ್ನು ಕಳೆದುಕೊಂಡಳು. ಮನೆಯ ಆಸ್ತಿ ಉಳಿಯುವುದಾದರೆ ಸಮಾಜವು ಗುಟ್ಟನ್ನು ಸಹಿಸುತ್ತದೆ. ಹೆಣ್ಣೊಬ್ಬಳು ತನ್ನ ಸುಖಕ್ಕಾಗಿ ತೆರೆದ ಬಾಗಿಲಿನಿಂದ ನಡೆದರೆ ಅದನ್ನು ಸಹಿಸುವುದಿಲ್ಲ. ಮೊದಲನೆಯ ತಾಯಿಯ ಮೌನಕ್ಕೆ ಅವಳೊಬ್ಬಳೇ ಕಾರಣಳಲ್ಲ. ಆ ಏರ್ಪಾಟಿನಿಂದ ಲಾಭ ಪಡೆದ ಗಂಡನೂ ಮನೆತನವೂ ಆ ಮೌನದ ಪಾಲುದಾರರು. ವಂಶವೃಕ್ಷದ ಪಟದಲ್ಲಿ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಗೆರೆ ಎಳೆಯುವುದು ವಾಡಿಕೆ. ತಾಯಂದಿರ ಹೆಸರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಆ ಗೆರೆ ಕಡಿದುಹೋಗದಂತೆ ಕಾಯುವ ಭಾರ ಹೆಸರಿಲ್ಲದ ಆ ಹೆಣ್ಣುಗಳ ಮೇಲೆಯೇ ಬೀಳುತ್ತದೆ.

ನಂಜನಗೂಡನ್ನು ದಾಟಿದ ಕಪಿಲೆ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ಊರಿನ ಹೆಸರಿನಲ್ಲಿರುವ ‘ಕೂಡಲು’ ಎಂಬ ಮಾತು ಈ ಸಂಗಮವನ್ನೇ ಸೂಚಿಸುತ್ತದೆ. ಗುಂಜಾ ನರಸಿಂಹಸ್ವಾಮಿಯ ಮತ್ತು ಅಗಸ್ತ್ಯೇಶ್ವರನ ದೇವಾಲಯಗಳಿಂದ ಪ್ರಸಿದ್ಧವಾದ ಈ ಕ್ಷೇತ್ರದಲ್ಲಿ 1989ರಿಂದ ಕುಂಭಮೇಳವೂ ನಡೆದುಬಂದಿದೆ. ಕಣ್ಣಿಗೆ ಕಾಣುವುದು ಎರಡೇ ಹೊಳೆಗಳಾದರೂ ಇದನ್ನು ತ್ರಿವೇಣಿ ಸಂಗಮವೆಂದು ಕರೆಯುತ್ತಾರೆ. ಗುಪ್ತವಾಗಿ ಬಂದು ಸೇರುವ ಸ್ಫಟಿಕ ಸರೋವರವೇ ಮೂರನೆಯದೆಂದು ಭಕ್ತರ ನಂಬಿಕೆ. ಕಾಣದ ನೀರಿಗೂ ಹೆಸರಿಟ್ಟು ಕೈಮುಗಿಯುವ ಈ ಜನಮನಸ್ಸು, ಮನೆಗಳೊಳಗೆ ಹುದುಗಿದ ಮಾತುಗಳನ್ನೂ ಮರೆತುಬಿಟ್ಟಿಲ್ಲ. ಅವುಗಳಿಗೆ ಕನ್ನಡದ ಜನಪದ ಕಥೆಗಳಲ್ಲಿ ಎಡೆ ದೊರೆತಿದೆ.

ಮೈಸೂರಿನಲ್ಲಿ ಹುಟ್ಟಿದ ವಿದ್ವಾಂಸ ಎ. ಕೆ. ರಾಮಾನುಜನ್ (1929–1993) ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ತಿಳಿದಿದ್ದವು. ಅವಳು ಅವನ್ನು ಯಾರಿಗೂ ಹೇಳದೆ ತನ್ನಲ್ಲಿಯೇ ಇಟ್ಟುಕೊಂಡಿದ್ದಳು. ಒಳಗೆ ಉಸಿರುಕಟ್ಟಿದ ಕಥೆಯೂ ಹಾಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಜೋಡಾಗಿಯೂ ಇನ್ನೊಂದು ಅಂಗಿಯಾಗಿಯೂ ರೂಪ ತಾಳಿದವು. ಮನೆಗೆ ಬಂದ ಗಂಡನು ಪರಪುರುಷನೊಬ್ಬ ಬಂದಿದ್ದಾನೆಂದು ಸಂದೇಹಪಟ್ಟು, ಜಗಳವಾಡಿ, ಹನುಮಂತನ ಗುಡಿಗೆ ಹೋಗಿ ಮಲಗಿದನು. ನಡುರಾತ್ರಿಯಲ್ಲಿ ಊರಿನ ಮನೆಗಳಲ್ಲಿ ಆರಿದ ದೀಪಗಳ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ನೆರೆದು ಮಾತಿಗೆ ತೊಡಗಿದವು. ತಡವಾಗಿ ಬಂದ ಜ್ಯೋತಿಯೊಂದು ತನ್ನ ಮನೆಯ ಜಗಳದ ಕಾರಣವನ್ನು ವಿವರಿಸಿದಾಗ ಗಂಡನಿಗೆ ನಿಜ ತಿಳಿಯಿತು. ಮರುದಿನ ಅವನು ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದರೆ ಹೆಂಡತಿಗೆ ಎರಡೂ ಮರೆತುಹೋಗಿದ್ದವು. ಹೇಳದೆ ಉಳಿಸಿದ ಮಾತು ಸುಮ್ಮನೆ ಒಳಗೇ ಇರುವುದಿಲ್ಲ, ಬೇರೊಂದು ರೂಪ ತಾಳಿ ಹೊರಬರುತ್ತದೆ ಎಂಬ ತಿಳಿವಳಿಕೆ ಈ ಸರಳ ಕಥೆಯಲ್ಲಿದೆ.

ದೀಪಗಳು ಮನೆಯ ಗುಟ್ಟನ್ನು ಬಲ್ಲವು ಎಂಬ ಈ ಕಲ್ಪನೆ ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಹೊಸ ಬಲದಿಂದ ಕಾಣಿಸಿಕೊಳ್ಳುತ್ತದೆ. 1988ರಲ್ಲಿ ಪ್ರಕಟವಾದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಈ ಕಿರು ಕಾದಂಬರಿ ಆ ಸೀಮೆಯ ಆಡುಮಾತಿನಲ್ಲಿಯೇ ರಚಿತವಾಗಿದೆ. ಮೇಲುಜಾತಿಯ ಸಿರಿವಂತರ ಮನೆಯ ಕುಸುಮಳಿಗೂ ದಲಿತ ಯುವಕ ಚೆನ್ನನಿಗೂ ಪ್ರೀತಿ ಬೆಳೆದು ಕೂಸು ಹುಟ್ಟುತ್ತದೆ. ಚೆನ್ನನ ಕೊಲೆಯಾಗುತ್ತದೆ. ಮನೆಯವರು ಬಾಯಿ ಬಿಡುವುದಿಲ್ಲ; ಊರು ಕಂಡೂ ಕಾಣದಂತಿರುತ್ತದೆ. ಮನುಷ್ಯರು ಹೇಳಲಾರದ ಮಾತನ್ನು ಇಲ್ಲಿ ಜೋತಮ್ಮಗಳು, ಎಂದರೆ ದೀಪಗಳ ಜೀವಗಳು, ಇರುಳಿನಲ್ಲಿ ಕೂಡಿ ಆಡಿಕೊಳ್ಳುತ್ತವೆ. ಶ್ರೋತ್ರಿಗಳ ತಾಯಿಯ ಗುಟ್ಟು ಆಸ್ತಿಯನ್ನು ಉಳಿಸಿತು. ಕುಸುಮಳ ಗುಟ್ಟಿಗೆ ಒಂದು ಜೀವವೇ ಬಲಿಯಾಯಿತು. ಜಾತಿಯ ಗೋಡೆ ನಡುವೆ ಬಂದಾಗ ಹೆಣ್ಣಿನ ಮೌನದ ಹಿಂದೆ ಮಾನದ ಅಂಜಿಕೆಯೊಡನೆ ಪ್ರಾಣಭಯವೂ ಇರುತ್ತದೆ.

ಗುಟ್ಟನ್ನು ಹೊತ್ತ ತಾಯಿಯ ಒಳಮನಸ್ಸಿಗೆ ಏನಾಗುತ್ತದೆಂಬುದನ್ನು ತೋರಿಸಿದವರು ಮೈಸೂರಿನ ಕಾದಂಬರಿಗಾರ್ತಿ ತ್ರಿವೇಣಿ (1928–1963). ಅವರ ‘ಶರಪಂಜರ’ದ ಕಾವೇರಿ ಒಳ್ಳೆಯ ಗೃಹಿಣಿ, ಮಕ್ಕಳ ತಾಯಿ. ಮದುವೆಗೆ ಮೊದಲು ನಡೆದ ಕಹಿ ಘಟನೆಯೊಂದನ್ನು ಅವಳು ಮನಸ್ಸಿನ ಆಳದಲ್ಲಿ ಹೂತಿಟ್ಟಿರುತ್ತಾಳೆ. ಹೆರಿಗೆಯ ನಂತರ ಬಂದ ಮನೋರೋಗದಲ್ಲಿ ಅದು ಮಾತಾಗಿ ಹೊರಬೀಳುತ್ತದೆ. ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಮರಳಿದರೂ ಮನೆ ಮೊದಲಿನಂತಿರುವುದಿಲ್ಲ. ಗಂಡನ ಮನಸ್ಸು ಮುರಿದಿರುತ್ತದೆ. ನೆರೆಹೊರೆಯವರ ನೋಟ ಬದಲಾಗಿರುತ್ತದೆ. ವೈದ್ಯರು ವಾಸಿ ಮಾಡಿದ ರೋಗವನ್ನು ಜನರ ಸಂದೇಹ ಮತ್ತೆ ಮರುಕಳಿಸುವಂತೆ ಮಾಡುತ್ತದೆ. ಕಾವೇರಿ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳುವವರಿಗೆ, ಹೇಳಿದ ಮೇಲೆ ಅವಳಿಗೆ ಒದಗಿದ ಗತಿಯೇ ಉತ್ತರ.

ಈ ಕೃತಿಗಳಲ್ಲಿ ತಾಯಿಯ ಮೌನಕ್ಕೆ ಕಾಣುವ ಕಾರಣಗಳು ಒಂದೇ ಬಗೆಯವಲ್ಲ. ಮೊದಲನೆಯದು ಅಪವಾದದ ಭಯ. ಕುಂತಿಯಲ್ಲಿ ಕಾಣುವುದು ಇದು. ಎರಡನೆಯದು ಆಸ್ತಿ ಮತ್ತು ಕುಲದ ರಕ್ಷಣೆ. ಶ್ರೋತ್ರಿಗಳ ಮನೆಯಲ್ಲಿ ಇದೇ ಪ್ರಧಾನ. ಮೂರನೆಯದು ಕ್ರೌರ್ಯದ ಅಂಜಿಕೆ. ಕುಸುಮಳ ಸುತ್ತಲೂ ಇರುವುದು ಅದು. ನಾಲ್ಕನೆಯದು ತನ್ನದಲ್ಲದ ತಪ್ಪಿಗೂ ತಾನೇ ನಾಚುವ ಮನಸ್ಸು. ಕಾವೇರಿಯನ್ನು ಕೊರೆದದ್ದು ಅದೇ. ಐದನೆಯದು ಮಗುವಿನ ಮೇಲಿನ ಮಮತೆ. ತನಗೆ ಬಂದ ಕಳಂಕ ಮಗುವಿಗೆ ತಗುಲದಿರಲಿ, ಮಗುವಿನ ಕಣ್ಣಿನಲ್ಲಿ ತಂದೆಯ ಚಿತ್ರ ಕೆಡದಿರಲಿ ಎಂಬ ಆಸೆ ಅನೇಕ ತಾಯಂದಿರ ಬಾಯಿ ಕಟ್ಟಿದೆ.

ಈ ಕೊನೆಯ ಕಾರಣವನ್ನು ನಾರ್ವೆ ದೇಶದ ನಾಟಕಕಾರ ಹೆನ್ರಿಕ್ ಇಬ್ಸೆನ್ 1881ರಲ್ಲಿ ಪ್ರಕಟವಾದ ತನ್ನ ‘ಪ್ರೇತಗಳು’ ನಾಟಕದಲ್ಲಿ ಕಟುವಾಗಿ ಪರೀಕ್ಷಿಸಿದ್ದಾನೆ. ಅಲ್ಲಿನ ಆಲ್ವಿಂಗ್ ಎಂಬ ವಿಧವೆ ಗಂಡನ ದುರ್ನಡತೆಯನ್ನು ಲೋಕದಿಂದಲೂ ಮಗನಿಂದಲೂ ಮರೆಮಾಡುತ್ತಾಳೆ. ಎಳೆಯ ಮಗನನ್ನು ಮನೆಯಿಂದ ದೂರವಿಟ್ಟು, ತಂದೆಯು ಆದರ್ಶ ಪುರುಷನೆಂಬ ಭಾವನೆಯನ್ನು ಪತ್ರಗಳ ಮೂಲಕ ಅವನಲ್ಲಿ ಬೆಳೆಸುತ್ತಾಳೆ. ಆದರೆ ತಂದೆಯಿಂದ ಬಂದ ರೋಗವೇ ಮಗನನ್ನು ಹಿಡಿದಾಗ ಆ ಸುಳ್ಳಿನ ಗೋಡೆ ಕುಸಿಯುತ್ತದೆ. ಮಮತೆಯಿಂದ ಮುಚ್ಚಿಟ್ಟ ಸಂಗತಿಯೂ ಕೇಡನ್ನು ತಡೆಯಲಾರದು ಎಂಬುದಕ್ಕೆ ಇದು ನಿದರ್ಶನ.

ಹಾಗಾದರೆ ತಾಯಿ ತನ್ನದೆಲ್ಲವನ್ನೂ ಮಕ್ಕಳ ಮುಂದೆ ತೆರೆದಿಡಲೇಬೇಕೇ? ಹಾಗೆಂದು ವಿಧಿಸುವುದು ಉಚಿತವಲ್ಲ. ಬಲವಂತದಿಂದ ಹೊರುವ ಗುಟ್ಟು ಬೇರೆ. ತನ್ನ ಇಚ್ಛೆಯಿಂದ ತನ್ನದಾಗಿಯೇ ಉಳಿಸಿಕೊಳ್ಳುವ ಅಂತರಂಗ ಬೇರೆ. ಮೊದಲನೆಯದು ಬಂಧನ, ಎರಡನೆಯದು ಹಕ್ಕು. ಅವಿವಾಹಿತ ತಾಯಿಯೊಬ್ಬಳು ಮಗುವಿನ ಪಾಲಕತ್ವಕ್ಕೆ ಅರ್ಜಿ ಸಲ್ಲಿಸುವಾಗ ಮಗುವಿನ ತಂದೆಯ ಹೆಸರನ್ನು ಹೇಳಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಭಾರತದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು. ಕುಂತಿಗೆ ದೊರೆಯದ ರಕ್ಷಣೆ ಇಂದಿನ ತಾಯಿಗೆ ಕಾನೂನಿನಲ್ಲಿ ಕೆಲಮಟ್ಟಿಗೆ ದೊರೆತಿದೆ. ಆದರೆ ಮಗುವಿಗೂ ತನ್ನ ಮೂಲವನ್ನು ತಿಳಿಯುವ ಹಂಬಲ ಸಹಜವಾಗಿಯೇ ಇರುತ್ತದೆ. ಕರ್ಣನ ವೇದನೆಯನ್ನೂ ಮುಪ್ಪಿನ ಶ್ರೋತ್ರಿಗಳ ತಳಮಳವನ್ನೂ ಬಲ್ಲ ಓದುಗನು ಈ ಹಂಬಲವನ್ನು ಹಗುರವಾಗಿ ಎಣಿಸಲಾರನು. ತಾಯಿಯ ಹಕ್ಕು, ಮಗುವಿನ ಹಂಬಲ ಇವೆರಡರ ನಡುವಿನ ಇಕ್ಕಟ್ಟಿನಲ್ಲಿಯೇ ಇಂತಹ ಕಥೆಗಳಿಗೆ ಬೆಲೆ ಬರುವುದು.

ಒಳ್ಳೆಯ ಕಾದಂಬರಿಕಾರರು ಗುಟ್ಟನ್ನು ಕೊನೆಯವರೆಗೆ ಅಡಗಿಸಿಟ್ಟು ಓದುಗರನ್ನು ಬೆರಗುಗೊಳಿಸುವುದರಲ್ಲಿಯೇ ತೃಪ್ತರಾಗುವುದಿಲ್ಲ. ಗುಟ್ಟು ಬಯಲಾದ ಮೇಲೆ ಯಾರು ಹೇಗೆ ನಡೆದುಕೊಂಡರೆಂಬುದು ಅವರಿಗೆ ಹೆಚ್ಚು ಮುಖ್ಯ. ಧರ್ಮರಾಯ ಶಪಿಸಿದ, ಕಾವೇರಿಯ ಗಂಡ ಮುಖ ತಿರುಗಿಸಿದ, ಶ್ರೋತ್ರಿಗಳು ತಾಯಿಯ ಗುಟ್ಟಿನಿಂದ ತಮಗೆ ಬಂದ ಆಸ್ತಿಯನ್ನೇ ತೊರೆದರು, ಗೌತಮನು ಹುಡುಗನನ್ನು ಹತ್ತಿರಕ್ಕೆ ಕರೆದನು. ತಾಯಂದಿರು ತಮ್ಮ ಕಥೆಯನ್ನು ಹೇಳುವರೇ ಇಲ್ಲವೇ ಎಂಬುದು ಅವರ ಎದುರಿಗಿರುವವರು ಈ ನಾಲ್ವರಲ್ಲಿ ಯಾರಂತೆ ನಡೆದುಕೊಳ್ಳುವರೆಂಬುದನ್ನು ಅವಲಂಬಿಸಿದೆ.

ಪದಗಳ ಅರ್ಥ

ಲೋಕಾಪವಾದ – ಜನರ ನಿಂದೆ
ಊಳಿಗ – ಸೇವೆ, ಚಾಕರಿ
ತರ್ಪಣ – ಸತ್ತವರಿಗೆ ನೀರು ಬಿಡುವ ಕ್ರಿಯೆ
ದಾಯಾದಿ – ಆಸ್ತಿಯಲ್ಲಿ ಪಾಲುಳ್ಳ ರಕ್ತಸಂಬಂಧಿ
ಕೈದೀವಿಗೆ – ಕೈಯಲ್ಲಿ ಹಿಡಿಯುವ ದೀಪ. ದಾರಿ ತೋರುವ ಸಾಧನ
ಪಾಲಕತ್ವ – ಮಗುವಿನ ಪೋಷಣೆಯ ಹೊಣೆ ಮತ್ತು ಅಧಿಕಾರ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. ಸತ್ಯಕಾಮನ ತಾಯಿಯ ಹೆಸರೇನು?
2. ‘ವಂಶವೃಕ್ಷ’ ಕಾದಂಬರಿಯ ಕೇಂದ್ರ ವ್ಯಕ್ತಿ ಯಾವ ಊರಿನವರು?
3. ‘ಜೋತಮ್ಮಗಳು’ ಎಂದರೆ ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಧರ್ಮರಾಯನ ಶಾಪವನ್ನು ಪಾಠದಲ್ಲಿ ಹೇಗೆ ವಿಮರ್ಶಿಸಲಾಗಿದೆ?
2. ಗೃಹಿಣಿಯ ಕಥೆಯೂ ಹಾಡೂ ಹೊರಬಿದ್ದದ್ದರಿಂದ ಏನಾಯಿತು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ:
1. ಶ್ರೋತ್ರಿಗಳ ತಾಯಿ ಮತ್ತು ಕಾತ್ಯಾಯಿನಿ ಇವರ ಬಾಳನ್ನು ಹೋಲಿಸಿ.
2. ತಾಯಿಯ ಮೌನಕ್ಕೆ ಪಾಠದಲ್ಲಿ ಹೇಳಿರುವ ಕಾರಣಗಳನ್ನು ನಿದರ್ಶನ ಸಹಿತ ವಿವರಿಸಿ.